ಗೆರೆ ದಾಟಿದ ಬಣ್ಣ

1950ರ ದಶಕದ ಅಮೆರಿಕದಲ್ಲಿ, ಕುಂಚ ಹಿಡಿದು ಗೊತ್ತಿಲ್ಲದವರೂ ಮಹಾಕಲಾವಿದರ ಕೃತಿಗಳನ್ನು ಮನೆಯಲ್ಲೇ ಬಿಡಿಸಬಹುದೆಂಬ ಆಸೆ ಹುಟ್ಟಿಸುವ ಬಣ್ಣದ ಪೆಟ್ಟಿಗೆಗಳು ಮನೆಮಾತಾಗಿದ್ದವು. ಪೆಟ್ಟಿಗೆಯೊಳಗಿನ ಹಲಗೆಯಲ್ಲಿ ಚಿತ್ರದ ಗೆರೆಗಳು ಮೊದಲೇ ಮೂಡಿರುತ್ತಿದ್ದವು. ಒಂದೊಂದು ಖಾನೆಗೂ ಒಂದೊಂದು ಅಂಕಿ ಇದ್ದು, ಆ ಅಂಕಿಯ ಡಬ್ಬಿಯಲ್ಲಿನ ಬಣ್ಣವನ್ನು ಗೆರೆ ದಾಟದಂತೆ ತುಂಬಿದರೆ ಚಿತ್ರ ಮುಗಿಯುತ್ತಿತ್ತು. ಮೈಕ್ ನ್ಯೂವೆಲ್ ನಿರ್ದೇಶಿಸಿ 2003ರಲ್ಲಿ ತೆರೆಕಂಡ ‘ಮೋನಾಲಿಸಾ ಸ್ಮೈಲ್’ ಚಲನಚಿತ್ರದಲ್ಲಿ ಕಲಾ ಇತಿಹಾಸದ ಅಧ್ಯಾಪಕಿ ಕ್ಯಾಥರೀನ್ ವಾಟ್ಸನ್ ವ್ಯಾನ್ ಗೋ ಹೆಸರಿನ ಇಂಥದೊಂದು ಪೆಟ್ಟಿಗೆಯನ್ನು ತರಗತಿಗೆ ತರುತ್ತಾಳೆ. ಕಥೆಯ ತಿರುಳೆಲ್ಲ ಆ ಪೆಟ್ಟಿಗೆಯಲ್ಲೇ ಅಡಗಿದೆ.

ಕಥೆ ನಡೆಯುವುದು 1953ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವೆಲೆಸ್ಲಿ ಮಹಿಳಾ ಕಾಲೇಜಿನಲ್ಲಿ. 1875ರಲ್ಲೇ ಬಾಗಿಲು ತೆರೆದ ಈ ಕಾಲೇಜಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿನಿಯರು ಮರದ ಬಳೆಯನ್ನು ಕೋಲಿನಿಂದ ಉರುಳಿಸುತ್ತ ಓಡುವ ಪಂದ್ಯವೊಂದುಂಟು. ಅದರಲ್ಲಿ ಗೆದ್ದವಳಿಗೇ ಮೊದಲು ಮದುವೆಯಾಗುತ್ತದೆಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಹೆಣ್ಣುಮಕ್ಕಳು ಸರಾಸರಿ 20ರ ಆಸುಪಾಸಿನಲ್ಲೇ ಮದುವೆಯಾಗುತ್ತಿದ್ದ ಆ ದೇಶಕಾಲದಲ್ಲಿ ಅದು ಬರಿಯ ತಮಾಷೆಯಾಗಿರಲಿಲ್ಲ.

ಕ್ಯಾಥರೀನಳ ತರಗತಿಯ ಮೊದಲ ದಿನ ಪರದೆಯ ಮೇಲೆ ಮೂಡಿದ ಪ್ರತಿಯೊಂದು ಚಿತ್ರದ ಹೆಸರು, ಸ್ಥಳ, ಕಾಲಗಳನ್ನು ವಿದ್ಯಾರ್ಥಿನಿಯರು ಪಟಪಟನೆ ಒಪ್ಪಿಸುತ್ತಾರೆ. ಪಠ್ಯಪುಸ್ತಕವನ್ನು ಅವರು ಮೊದಲೇ ಓದಿ ಮುಗಿಸಿದ್ದಾರೆ. ಪುಸ್ತಕದಲ್ಲಿಲ್ಲದ, ಚಿತ್ರಕಾರ ಸೂಟಿನ್‌ನ ಚಿತ್ರವನ್ನು, ಕೊಂದು ನೇತುಹಾಕಿದ ಪ್ರಾಣಿಯ ದೇಹದ ಆ ಚಿತ್ರವನ್ನು, ಅವಳು ಮುಂದಿಟ್ಟು ಇದು ಕಲೆಯೇ ಎಂದು ಕೇಳಿದಾಗ ತರಗತಿ ತಬ್ಬಿಬ್ಬಾಗುತ್ತದೆ. ಅದೇ ಕಾಲೇಜಿನ ಇನ್ನೊಂದು ಕೋಣೆಯಲ್ಲಿ ಮೇಜು ಸಿದ್ಧಪಡಿಸುವ ಬಗೆ, ಗಂಡನ ಮೇಲಧಿಕಾರಿಗಳನ್ನು ಉಪಚರಿಸುವ ರೀತಿ ಪಾಠವಾಗುತ್ತಿರುತ್ತದೆ. ವಿದ್ಯೆಗೆ ಇಲ್ಲಿ ಯಾರ ವಿರೋಧವೂ ಇಲ್ಲ, ಆದರೆ ಅದು ಹೆಣ್ಣಿಗೆ ಒಡವೆಯಾಗಿರಬೇಕೇ ಹೊರತು ದಾರಿಯಾಗಕೂಡದು ಎಂಬುದೇ ಸಂಸ್ಥೆಯ ಒಳನಿಲುವು. ಇದು ಸಿನಿಮಾದವರ ಕಲ್ಪನೆ ಮಾತ್ರವಲ್ಲ. ಲೇಖಕಿ ಬೆಟ್ಟಿ ಫ್ರೀಡನ್ 1957ರಲ್ಲಿ ಸ್ಮಿತ್ ಕಾಲೇಜಿನ ತಮ್ಮ ಸಹಪಾಠಿಗಳಿಗೆ ಪ್ರಶ್ನಾವಳಿ ಕಳಿಸಿ, ಓದಿದ ಗೃಹಿಣಿಯರ ಹೆಸರಿಲ್ಲದ ಅತೃಪ್ತಿಯ ಜಾಡು ಹಿಡಿದು, ಅದನ್ನೇ 1963ರ ‘ದ ಫೆಮಿನೈನ್ ಮಿಸ್ಟೀಕ್’ ಕೃತಿಯಾಗಿ ಬೆಳೆಸಿದರು.

ಅಧ್ಯಾಪಕಿ ಗೆದ್ದಳು, ಸಂಪ್ರದಾಯ ಸೋತಿತು ಎಂದು ಮುಗಿಸಿದ್ದರೆ ಈ ಚಿತ್ರವೂ ಅಂಕಿ ನೋಡಿ ಬಣ್ಣ ತುಂಬಿದಂತಾಗುತ್ತಿತ್ತು. ಹಾಗಾಗದಂತೆ ತಡೆಯುವವಳು ವಿದ್ಯಾರ್ಥಿನಿ ಜೋನ್. ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಪ್ರವೇಶ ದೊರೆತ ಮೇಲೂ ಅವಳು ಮದುವೆಯಾಗಿ, ಬೇರೆ ಕಾಲೇಜುಗಳ ಅರ್ಜಿ ಹಿಡಿದು ಬಂದ ಗುರುವಿಗೆ ಇದು ತನ್ನದೇ ತೀರ್ಮಾನವೆಂದು ಶಾಂತವಾಗಿ ತಿಳಿಸುತ್ತಾಳೆ. ಎಳೆಯರ ಸುತ್ತ ಸಮಾಜ ಎಳೆದ ಗೆರೆಗಳನ್ನು ಅಳಿಸಹೊರಟವಳು ತಾನೂ ಒಂದು ಗೆರೆ ಎಳೆದಿದ್ದಳೆಂಬುದು ಆಗ ಕ್ಯಾಥರೀನಳ ಅರಿವಿಗೆ ಬರುತ್ತದೆ. ಆದರೂ ಓದು ಅಥವಾ ಮದುವೆ, ಎರಡರಲ್ಲಿ ಒಂದನ್ನು ಬಿಡು ಎಂಬ ಷರತ್ತು ಜೋನ್‌ಳ ಗಂಡನಿಗೆ ಎದುರಾಗುವುದೇ ಇಲ್ಲ. ಆಯ್ಕೆ ಅವಳದಾದರೂ ಖಾನೆಗಳನ್ನು ಹಾಕಿದವರು ಬೇರೆಯವರು.

ಕೊನೆಯಲ್ಲಿ ವಿದ್ಯಾರ್ಥಿನಿಯರು ಅಧ್ಯಾಪಕಿಗೆ ಒಪ್ಪಿಸುವುದು ಅಂಥದೇ ಹಲಗೆಗಳ ಮೇಲೆ ಬಿಡಿಸಿದ ಸೂರ್ಯಕಾಂತಿಗಳನ್ನು. ಎಲ್ಲರಿಗೂ ಸಿಕ್ಕಿದ್ದು ಅವೇ ಗೆರೆ, ಅವೇ ಅಂಕಿ. ಹೂವುಗಳು ಮಾತ್ರ ಒಂದರಂತೆ ಇನ್ನೊಂದಿಲ್ಲ.