ನಾಬ್ ಸವೆದ ಜಾಗ

ಕೆಟ್ಟ ವಸ್ತುವನ್ನು ದುರಸ್ತಿ ಮಾಡಬೇಕೋ, ಹೊಸದನ್ನು ಕೊಳ್ಳಬೇಕೋ ಎಂಬ ಪ್ರಶ್ನೆಗೆ ಬೆಲೆಯ ಲೆಕ್ಕವೊಂದೇ ಉತ್ತರ ಕೊಡುವುದಿಲ್ಲ. ಆ ವಸ್ತು ಯಾರ ಕೈಯಲ್ಲಿ ಇರತಕ್ಕದ್ದು ಎಂಬುದನ್ನೂ ಕೇಳಬೇಕಾಗುತ್ತದೆ. ಪುಣೆಯ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಮಾದರಿ ರೈಲು ಓಡಿಸುವ ನಿಸ್ತಂತು ಕಂಟ್ರೋಲರಿನ ವಿಷಯದಲ್ಲಿ. ಕೈ ನಮ್ಮ ಅಪ್ಪನದು.

ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ನಿವೃತ್ತರಾಗಿ ನಾವು ಅಣ್ಣತಮ್ಮಂದಿರು ಇರುವ ಪುಣೆಗೆ ಬಂದ ಮೇಲೆ ಕೊಥ್ರೂಡಿನಲ್ಲಿರುವ ಜೋಶಿಯವರ ಕಿರುರೈಲು ಸಂಗ್ರಹಾಲಯವನ್ನು ನೋಡಿ ಬಂದರು. ಅಲ್ಲಿಂದ ಮುಂದೆ ಹಿಂಭಾಗದ ಕೋಣೆಯ ಮೇಜು ಅವರ ಯಾರ್ಡ್ ಆಯಿತು. ನಮ್ಮದು 87ರಲ್ಲಿ ಒಂದು ಪಾಲಿನ ಅಳತೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇದು ಯುರೋಪಿನ ಗೇಜಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜಿನ 1676 ಮಿಲಿಮೀಟರನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ 19 ಮಿಲಿಮೀಟರು ದಾಟಬೇಕು. "ನಮ್ಮ ಗಾಡಿ ಪರದೇಶದ ಹಳಿ ಮ್ಯಾಲ ಓಡಾಕತ್ತಾವ" ಎಂದು ಅಪ್ಪ ನಗುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ತಗುಲಿ ಬಲಗೈ ಸೋತಿತು. ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಿರುಗಿಸಬಹುದಾದ ಆ ಕಂಟ್ರೋಲರ್ ಇದ್ದುದರಿಂದಲೇ ಕುರ್ಚಿಯಿಂದ ಏಳದೆ ಅವರು ರೈಲು ಓಡಿಸುವುದು ಸಾಧ್ಯವಾಗಿತ್ತು.

ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜನ್ನು ಏರಿಸಿ ಇಳಿಸಿದರೆ ಎಂಜಿನ್ನಿನ ವೇಗ ಏರಿಳಿಯುತ್ತದೆ, ಧ್ರುವ ಬದಲಿಸಿದರೆ ದಿಕ್ಕು ಬದಲಾಗುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೇ ಹೊರಡುತ್ತವೆ. ಈಗಿನ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ತಿ ವಿದ್ಯುತ್ತು ಇರುತ್ತದೆ, ಅದರಲ್ಲಿಯೇ ಆಜ್ಞೆಯೂ ಹರಿಯುತ್ತದೆ. ಪ್ರತಿ ಎಂಜಿನ್ನಿನ ಒಳಗೆ ಒಂದು ಡಿಕೋಡರ್, ಅದಕ್ಕೊಂದು ಸಂಖ್ಯೆ. ತನ್ನ ಸಂಖ್ಯೆಯ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಕೈಯಲ್ಲಿರುವ ಕಂಟ್ರೋಲರ್ ರೇಡಿಯೋ ಮೂಲಕ ಮೂಲಕೇಂದ್ರಕ್ಕೆ ಹೇಳುತ್ತದೆ. ಮೂಲಕೇಂದ್ರ ಹಳಿಗೆ ಹೇಳುತ್ತದೆ.

ಕಳೆದ ಮಳೆಗಾಲದಲ್ಲಿ ಈ ಸರಪಳಿಯ ಒಂದು ಕೊಂಡಿ ಸಡಿಲವಾಯಿತು. ಪ್ಲಾಟ್‌ಫಾರ್ಮಿಗೆ ಮೆಲ್ಲನೆ ಬರುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಜಿಗಿಯುತ್ತಿತ್ತು. ಕೆಲವೊಮ್ಮೆ ನಾಬನ್ನು ಸೊನ್ನೆಗೆ ತಂದರೂ ಗಾಡಿ ನಿಲ್ಲುತ್ತಿರಲಿಲ್ಲ, ಹಳಿಯ ಕೊನೆಯ ಅಡ್ಡಗಟ್ಟೆಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ಕಾರಣ ಸರಳ. ಡಿಕೋಡರ್ ತಪ್ಪಿ ಕೇಳಿಸಿಕೊಳ್ಳದಿರಲಿ ಎಂದು ಮೂಲಕೇಂದ್ರ ಕೊನೆಯ ಆಜ್ಞೆಯನ್ನೇ ಮತ್ತೆ ಮತ್ತೆ ಹಳಿಗೆ ಹೇಳುತ್ತಿರುತ್ತದೆ. ಕೈಯಿಂದ ಹೊಸ ಮಾತು ಬಾರದಿದ್ದರೆ ಹಳೆಯ ಮಾತೇ ನಡೆಯುತ್ತದೆ. ಕಂಟ್ರೋಲರಿನ ಸಂಪರ್ಕ ತಪ್ಪಿದರೆ ಗಾಡಿ ನಿಲ್ಲಿಸುವ ಏರ್ಪಾಡು ಕೆಲವು ಕೇಂದ್ರಗಳಲ್ಲಿ ಉಂಟು, ನಮ್ಮದರಲ್ಲಿ ಇರಲಿಲ್ಲ.

ಅಪ್ಪನಿಗೆ ಸಿಟ್ಟು ಬಂದದ್ದು ಡಿಕ್ಕಿಗಲ್ಲ, ಈ ತರ್ಕಕ್ಕೆ. ನಿಜವಾದ ರೈಲ್ವೆಯಲ್ಲಿ ಎಲ್ಲವೂ ಇದಕ್ಕೆ ವಿರುದ್ಧ. ಗಾಳಿಯ ಕೊಳವೆ ಒಡೆದರೆ ಬ್ರೇಕು ತಾನೇ ಬೀಳುತ್ತದೆ. ಕೈಕಂಬದ ಸಿಗ್ನಲ್ಲಿನ ತಂತಿ ತುಂಡಾದರೆ ತೂಕದ ಭಾರಕ್ಕೆ ತೋಳು ಅಡ್ಡವಾಗಿ, ನಿಲ್ಲು ಎಂದು ತೋರಿಸುತ್ತದೆ. "ತಂತಿ ಹರೀತಂದ್ರ ಗಾಡಿ ನಿಂದರಬೇಕೋ, ಓಡಬೇಕೋ? ಇದನ್ನ ಮಾಡಿದಾವ ಒಂದು ದಿನಾನೂ ಡ್ಯೂಟಿ ಮಾಡಿಲ್ಲ ತಗೋ" ಎಂದರು. ಜೀವಮಾನವಿಡೀ ಅಂಥ ತಂತಿಗಳನ್ನು ಕಾದವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನವೇ ಹಳಿಗೆ ಹೋಗುವ ವಿದ್ಯುತ್ತನ್ನು ಕಡಿಯುವ ಒಂದು ಕೆಂಪು ಸ್ವಿಚ್ಚನ್ನು ಅವರ ಕುರ್ಚಿಯ ತೋಳಿಗೆ ಕೂರಿಸಿದೆವು.

ಹೊಸ ಕಂಟ್ರೋಲರ್ ತರೋಣವೆಂದರೆ ಆ ಮಾದರಿಯ ತಯಾರಿಕೆ ನಿಂತುಹೋಗಿತ್ತು. ಬೇರೆ ಕಂಪನಿಯದನ್ನು ತಂದರೆ ನಮ್ಮ ಕೇಂದ್ರಕ್ಕೆ ಅದರ ಭಾಷೆ ತಿಳಿಯದು. ಡಿಸಿಸಿ ಪದ್ಧತಿ ಜರ್ಮನಿಯ ಲೆಂಜ್ ಅವರ ಕೆಲಸದಿಂದ ಬೆಳೆದದ್ದು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘ ಅದನ್ನು ಎಲ್ಲರಿಗೂ ಸಲ್ಲುವ ಮಾನಕವನ್ನಾಗಿ ಮಾಡಿತು. ಆದ್ದರಿಂದ ಯಾರ ಡಿಕೋಡರಾದರೂ ಯಾರ ಹಳಿಯ ಮೇಲಾದರೂ ಓಡುತ್ತದೆ. ಆದರೆ ಒಪ್ಪಂದ ಆದದ್ದು ಹಳಿಗೂ ಎಂಜಿನ್ನಿಗೂ ನಡುವೆ. ಕೈಗೂ ಕೇಂದ್ರಕ್ಕೂ ನಡುವಿನ ಮಾತನ್ನು ಆಯಾ ತಯಾರಕರು ತಮ್ಮ ತಮ್ಮ ರೀತಿಯಲ್ಲಿ ಇಟ್ಟುಕೊಂಡರು. ಎಂಜಿನ್ನುಗಳೆಲ್ಲ ಗಟ್ಟಿಮುಟ್ಟಾಗಿದ್ದರೂ ಅಂಗೈಯಗಲದ ಒಂದು ಡಬ್ಬಿಗಾಗಿ ಕೇಂದ್ರವನ್ನೇ ಬದಲಾಯಿಸುವ ಪ್ರಸಂಗ ಬರುವುದು ಹೀಗೆ.

ಮೂರನೆಯ ದಾರಿ ಮೊಬೈಲು. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಹಾಕಿ ಕೇಂದ್ರಕ್ಕೆ ಜೋಡಿಸಿದರೆ ವೈಫೈ ಮೂಲಕ ಫೋನೇ ಕಂಟ್ರೋಲರ್ ಆಗುತ್ತದೆ. ಮಾಡಿ ನೋಡಿದೆವು. ಮಕ್ಕಳಿಗೆ ಹಬ್ಬ. ಅಪ್ಪನಿಗೆ ಮಾತ್ರ ಆಗಲಿಲ್ಲ. ಗಾಜಿನ ಮೇಲೆ ಬೆರಳು ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಿಲ್ಲ, ಕಣ್ಣು ಕೆಳಗೆ ಇಳಿಯಲೇಬೇಕು. ಕಣ್ಣು ಇಳಿದಷ್ಟು ಹೊತ್ತು ಗಾಡಿಯನ್ನು ನೋಡುವವರಿಲ್ಲ. "ಕೈ ಕೈಯಾಗ ಇರಬೇಕು, ಕಣ್ಣು ಹಳಿ ಮ್ಯಾಲ ಇರಬೇಕು" ಎಂದು ಫೋನನ್ನು ಮೊಮ್ಮಗಳಿಗೆ ಕೊಟ್ಟು ಸುಮ್ಮನೆ ಕುಳಿತರು. ಅನಂತರದ ಎರಡು ವಾರ ಆ ಕೋಣೆಗೆ ಹೋಗಲೇ ಇಲ್ಲ. ಎಡಗೈಗೆ ದಿನವೂ ಇದ್ದ ಒಂದು ಕೆಲಸ ತಪ್ಪಿತು. ಊಟದ ಹೊತ್ತಿನ ಮಾತೂ ಕಡಿಮೆಯಾಯಿತು. ಹೀಗಾಗಿ ದುರಸ್ತಿಗೆ ಕೈಹಾಕಿದೆವು.

ನಿಸ್ತಂತು ಉಪಕರಣ ಕೆಟ್ಟರೆ ಎಲ್ಲರ ಅನುಮಾನ ಮೊದಲು ರೇಡಿಯೋ ಮೇಲೆ ಹೋಗುತ್ತದೆ. ಅದನ್ನು ತೀರ್ಮಾನಿಸಲು ಸುಲಭವಾದ ಪರೀಕ್ಷೆಯೊಂದಿದೆ. ಅನೇಕ ಕಂಟ್ರೋಲರುಗಳಂತೆ ನಮ್ಮದನ್ನೂ ಕೇಬಲ್ಲಿನಿಂದ ಕೇಂದ್ರಕ್ಕೆ ಜೋಡಿಸಬಹುದಿತ್ತು. ಆಗ ವಿದ್ಯುತ್ತೂ ಕೇಂದ್ರದಿಂದಲೇ ಬರುತ್ತದೆ. ಜೋಡಿಸಿದಾಗ ಸಂಪರ್ಕ ತಪ್ಪುವುದು ನಿಂತಿತು, ಗಾಡಿ ಜಿಗಿಯುವುದು ನಿಲ್ಲಲಿಲ್ಲ. ಅಂದರೆ ರೋಗ ಒಂದಲ್ಲ, ಎರಡು.

ಮೊದಲನೆಯದು ಸೆಲ್ಲಿನ ಗೂಡಿನಲ್ಲಿತ್ತು. ಎಂದೋ ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿಯ ಹುಡಿ ಒಂದು ಸ್ಪ್ರಿಂಗಿನ ಬುಡದಲ್ಲಿ ಕಟ್ಟಿಕೊಂಡಿತ್ತು. ಕಂಟ್ರೋಲರ್ ಸುಮ್ಮನಿದ್ದಾಗ ಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿಯೇ ತೋರುತ್ತಿತ್ತು. ಸಂದೇಶ ಕಳಿಸುವ ಕ್ಷಣದಲ್ಲಿ ಕುಸಿಯುತ್ತಿತ್ತು. ಆ ಹುಡಿ ಕ್ಷಾರ, ಅದಕ್ಕೆ ಆಮ್ಲವೇ ಮದ್ದು. ಕೈಗವಸು ಹಾಕಿಕೊಂಡು, ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ, ತಿಂದುಹೋದ ಸ್ಪ್ರಿಂಗನ್ನು ಬದಲಿಸಿದೆವು.

ಎರಡನೆಯದು ನಾಬಿನ ಕೆಳಗಿರುವ ಪೊಟೆನ್ಷಿಯೋಮೀಟರು. ಅದರೊಳಗೆ ಇಂಗಾಲದ ಒಂದು ಬಾಗಿದ ಪಟ್ಟಿ; ನಾಬು ತಿರುಗಿದಂತೆ ಲೋಹದ ಒಂದು ನಾಲಿಗೆ ಅದರ ಮೇಲೆ ಜಾರುತ್ತದೆ. ಮೀಟರ್ ಹಚ್ಚಿ ನಿಧಾನವಾಗಿ ತಿರುಗಿಸಿದರೆ ಅಂಕಿ ಸಮನಾಗಿ ಸರಿಯಬೇಕು. ನಮ್ಮದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಸರಿಯಿತು. ಮೊದಲ ಕಾಲು ಸುತ್ತಿನಲ್ಲಿ ಮಾತ್ರ ಅಂಕಿ ಕುಣಿಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಕ್ಕಳು ಓಡಿಸಿದ್ದರೆ ಸವೆಯಬೇಕಾದದ್ದು ಮೇಲಿನ ತುದಿ. ಆರು ವರ್ಷ ಪ್ರತಿ ಸಂಜೆ ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ತೆವಳಿಸಿ ತಂದು, ಬೋಗಿಗೆ ಬೋಗಿ ತಾಗುವ ಸದ್ದು ಕೂಡ ಕೇಳದ ಹಾಗೆ ನಿಲ್ಲಿಸುತ್ತಿದ್ದವರ ಬೆರಳು ಓಡಾಡಿದ ಜಾಗ ಅದು. ಪಟ್ಟಿ ಅಲ್ಲೇ ಸವೆದಿತ್ತು.

ಹತ್ತು ಕಿಲೋ ಓಮಿನ ಅಂಥದ್ದೇ ಬಿಡಿಭಾಗಕ್ಕಾಗಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋದೆವು. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ ಎ ಬೇಕೋ ಬಿ ಬೇಕೋ ಎಂಬುದು. ಎ ಎಂಬುದು ಧ್ವನಿ ಏರಿಸಲು ಬಳಸುವಂಥದ್ದು, ಅದರ ಏರಿಕೆ ಸಮನಾಗಿರುವುದಿಲ್ಲ. ಬಿ ಎಂಬುದು ತಿರುಗಿಸಿದಷ್ಟೇ ಏರುವಂಥದ್ದು. ರೈಲಿಗೆ ಇದೇ ಬೇಕು. ಹಳೆಯದರ ಪಕ್ಕದಲ್ಲಿಟ್ಟು ದಂಡದ ಉದ್ದವನ್ನೂ ಕಾಲುಗಳ ಅಂತರವನ್ನೂ ತಾಳೆ ನೋಡಿ ಕೊಂಡೆವು. ಬೆಲೆ ಎರಡು ಚಹಾಕ್ಕಿಂತ ಹೆಚ್ಚಿರಲಿಲ್ಲ. ಬಿಡಿಸುವಾಗ ಹೆಚ್ಚು ಕಾಯಿಸಿದರೆ ಹಲಗೆಯ ತಾಮ್ರವೇ ಎದ್ದು ಬರುತ್ತದೆ. ಆದ್ದರಿಂದ ತಾಮ್ರದ ಹೆಣಿಗೆಯಿಂದ ಬೆಸುಗೆಯನ್ನು ಹೀರಿ, ಮೂರೂ ಕಾಲುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಅಪ್ಪ ಪಕ್ಕದಲ್ಲೇ ಕುಳಿತು ಎಡಗೈಯಲ್ಲಿ ಟಾರ್ಚು ಹಿಡಿದಿದ್ದರು. "ಹಸಿ ಬೆಸುಗಿ ಬ್ಯಾಡ, ಅದು ಫಳಫಳ ಅನಬೇಕು" ಎಂದು ಎರಡು ಸಲ ಎಚ್ಚರಿಸಿದರು.

ಕಂಟ್ರೋಲರ್ ಈಗ ನಡೆಯುತ್ತಿದೆ. ಆದರೆ ಅದರೊಳಗಿನ ರೇಡಿಯೋ ಭಾಗ ಕೆಟ್ಟರೆ ಅದಕ್ಕೆ ಗಲ್ಲಿಯಲ್ಲಿ ಬದಲಿ ಸಿಗದು. ಆ ದಿನಕ್ಕೂ ಒಂದು ಯೋಚನೆ ಮಾಡಿದ್ದೇವೆ: ಫೋನು ಆಡುವ ವೈಫೈ ಭಾಷೆ ಎಲ್ಲರಿಗೂ ತೆರೆದಿರುವಂಥದ್ದು; ಅದನ್ನೇ ಆಡುವ, ಆದರೆ ಗಾಜಿನ ಬದಲು ನಾಬು ಇರುವ ಡಬ್ಬಿಯನ್ನು ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ನಾವೂ ಕಟ್ಟಬಹುದು. ಬದಲಿಸುವುದನ್ನು ನಾವು ಒಲ್ಲೆವೆಂದಲ್ಲ. ಏನೇ ಬದಲಾದರೂ ಹೆಬ್ಬೆರಳಿಗೆ ತಿಳಿಯುವ ಆ ಸುತ್ತು ಉಳಿಯಬೇಕೆಂಬುದಷ್ಟೇ ನಮ್ಮ ಹಟ.

ಹೊಸ ನಾಬನ್ನು ಮೊದಲ ದಿನ ತಿರುಗಿಸಿ ಅಪ್ಪ, "ಭಾಳ ಬಿಗಿ ಐತಿ, ಪಳಗಬೇಕು" ಎಂದರು. ಅದನ್ನು ಪಳಗಿಸುವ ಕೆಲಸ ಈಗ ದಿನವೂ ಸಂಜೆ ನಡೆದಿದೆ.