ಮೂರನೆಯ ಗಾಲಿ

ಮುಕ್ಕಾಲಿ ಎಂತಹ ಏರುಪೇರಿನ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ಆದ್ದರಿಂದ ಎರಡು ಗಾಲಿಯ ವಾಹನಕ್ಕೆ ಮೂರನೆಯದನ್ನು ಸೇರಿಸಿದರೆ ಅದು ಮೊದಲಿಗಿಂತ ಭದ್ರವಾದೀತೆಂದು ಯಾರಿಗಾದರೂ ಅನಿಸುವುದು ಸಹಜ. ನಿಂತಿರುವಷ್ಟು ಹೊತ್ತು ಅದು ನಿಜವೂ ಹೌದು. ಚಲಿಸತೊಡಗಿದ ಮೇಲೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಮೂರೇ ಗಾಲಿಗಳಿದ್ದವು. ನಮ್ಮ ಪುಣೆಯ ಬೀದಿಗಳನ್ನು ತುಂಬಿರುವ ರಿಕ್ಷಾಗಳಿಗೂ ಮೂರೇ. ಆದರೆ ಅವುಗಳಲ್ಲಿ ಮುಂದಿನ ಗಾಲಿ ನಟ್ಟನಡುವೆ ಇರುತ್ತದೆ, ಹಿಂದಿನವೆರಡು ಅದಕ್ಕೆ ಸಮದೂರದಲ್ಲಿರುತ್ತವೆ. ಮೋಟಾರ್‌ಸೈಕಲ್ಲಿನ ಎಡಮಗ್ಗುಲಿಗೆ ಸೈಡ್‌ಕಾರ್ ಜೋಡಿಸಿದಾಗ ಈ ಸಮತೆ ಇರುವುದಿಲ್ಲ. ಎಳೆಯುವ ಗಾಲಿ ಒಂದು ಕಡೆ, ಎಳೆಸಿಕೊಳ್ಳುವ ಭಾರ ಇನ್ನೊಂದು ಕಡೆ. ಅದು ಅತ್ತ ಮೋಟಾರ್‌ಸೈಕಲ್ಲೂ ಅಲ್ಲ, ಇತ್ತ ರಿಕ್ಷಾವೂ ಅಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ತೋಳಿನ ನೋವಿನಿಂದ ಕಲಿತದ್ದು.

ಎರಡು ವರ್ಷಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದುದರಿಂದ ಬಲಗೈ, ಬಲಗಾಲು ಸೋತವು. ಅವುಗಳೊಡನೆ ಮಾತೂ ಹೋಯಿತು. ನಾವು ಹೇಳಿದ್ದು ಬಹುಪಾಲು ಅವರಿಗೆ ತಿಳಿಯುತ್ತದೆ. ಅವರು ಹೇಳಬೇಕಾದ ಪದ ಒಳಗೆಲ್ಲೋ ಇರುತ್ತದೆ, ತುಟಿಗೆ ಬರುವುದಿಲ್ಲ. ಹುಬ್ಬಳ್ಳಿಯ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ 31 ವರ್ಷ ಫಿಟ್ಟರ್ ಆಗಿ ದುಡಿದು, ಎಂಜಿನ್ನುಗಳ ಗದ್ದಲವನ್ನು ಮೀರಿ ಕೂಗಿ ಮಾತಾಡುವುದನ್ನೇ ರೂಢಿಸಿಕೊಂಡಿದ್ದ ಮನುಷ್ಯ ಈಗ ನೀರು ಬೇಕಾದರೂ ಲೋಟದತ್ತ ಕೈ ತೋರಿಸುತ್ತಾರೆ. ಅವ್ವನನ್ನೂ ಅವರನ್ನೂ ಪುಣೆಗೆ ಕರೆತಂದೆ. ವಾರಕ್ಕೆ ಮೂರು ದಿನ ಅವರನ್ನು ಚಿಕಿತ್ಸೆಗೆ ಕರೆದೊಯ್ಯಬೇಕು. ನಾವಿರುವ ಹಳೆಯ ವಾಡೆಯ ಓಣಿಯೊಳಗೆ ಕಾರು ಬರುವುದಿಲ್ಲ. ರಿಕ್ಷಾ ಬರುತ್ತದೆ, ಆದರೆ ಬಗ್ಗಿ, ಕಾಲೆತ್ತಿ, ಒಳಗೆ ಜರುಗಿ ಕುಳಿತುಕೊಳ್ಳುವ ಹೊತ್ತಿಗೆ ಅಪ್ಪ ಬೆವೆತುಹೋಗುತ್ತಿದ್ದರು. ಅದಕ್ಕಿಂತಲೂ ಅವರನ್ನು ಕುಗ್ಗಿಸುತ್ತಿದ್ದುದು ಚಾಲಕರ ಅವಸರ. ಇಬ್ಬರು ಹಿಡಿದು ಒಳಗೆ ತಳ್ಳಿದ ಮೇಲೆ ಅವರು ಕಣ್ಣು ಮುಚ್ಚಿದರೆ ಮನೆಗೆ ಮರಳುವವರೆಗೆ ತೆರೆಯುತ್ತಿರಲಿಲ್ಲ.

ಸೈಡ್‌ಕಾರಿನ ಯೋಚನೆ ಹುಟ್ಟಿದ್ದು ಹೀಗೆ. ಮೋಟಾರ್‌ಸೈಕಲ್ ನನಗೆ ಹೊಸದಲ್ಲ, ಕಾಲೇಜಿನ ದಿನಗಳಲ್ಲಿ ಅಪ್ಪನೇ ಕಲಿಸಿದ್ದರು. 350 ಸಿಸಿಯ ಹೊಸ ಗಾಡಿ ಕೊಂಡು, ಸೈಡ್‌ಕಾರ್ ಕಟ್ಟುವವರೊಬ್ಬರ ಬಳಿ ಅದಕ್ಕೆ ತೊಟ್ಟಿಲು ಜೋಡಿಸಿದ್ದಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ವಾಹನದ ರಚನೆಯಲ್ಲಿ ಇಂತಹ ಬದಲಾವಣೆಗೆ ನೋಂದಣಿ ಅಧಿಕಾರಿಯ ಅನುಮತಿ ಬೇಕು. ಅದಕ್ಕಾಗಿ ಓಡಾಡಿ, ದಾಖಲೆಯಲ್ಲಿ ಬರೆಸಿಕೊಂಡು, ಮಳೆಗಾಲದ ಕೊನೆಗೆ ಗಾಡಿ ಮನೆಗೆ ಬಂದಿತು. ಅವ್ವ ಕುಂಕುಮ ಹಚ್ಚಿ, ಮೂರೂ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಳು.

ಮೊದಲ ವಾರದಲ್ಲೇ ಗಾಡಿ ತನ್ನ ಹಟವನ್ನು ತೋರಿಸಿತು. ಆಕ್ಸಿಲರೇಟರ್ ತಿರುಗಿಸಿದರೆ ಎಡಕ್ಕೆ ಸೆಳೆಯುತ್ತದೆ, ಬ್ರೇಕ್ ಒತ್ತಿದರೆ ಬಲಕ್ಕೆ. ಇದರಲ್ಲಿ ಸ್ವಲ್ಪ ಅಂಶ ಸೈಡ್‌ಕಾರಿನ ಹುಟ್ಟುಗುಣ. ವೇಗ ಏರುವಾಗ ತೊಟ್ಟಿಲ ಭಾರ ಹಿಂದುಳಿಯುತ್ತದೆ, ಆಗ ಗಾಡಿಯ ಮೂತಿ ಅದರತ್ತ ಹೊರಳುತ್ತದೆ. ವೇಗ ಇಳಿಯುವಾಗ ಬ್ರೇಕಿಲ್ಲದ ತೊಟ್ಟಿಲು ಮುಂದಕ್ಕೆ ನುಗ್ಗುತ್ತದೆ, ಮೂತಿ ಇನ್ನೊಂದು ಬದಿಗೆ ಹೊರಳುತ್ತದೆ. ಇಷ್ಟನ್ನು ಸವಾರರು ಕಲಿತು ಸರಿದೂಗಿಸಬೇಕು. ಆದರೆ ಒಂದೇ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಸಾಗುವಾಗಲೂ ನನ್ನದು ಎಡಕ್ಕೇ ಎಳೆಯುತ್ತಿತ್ತು. ಚಿಕಿತ್ಸಾಲಯ ಮುಟ್ಟುವಷ್ಟರಲ್ಲಿ ಭುಜ ಮರಗಟ್ಟುತ್ತಿತ್ತು. ಎಡ ತಿರುವಿನದು ಇನ್ನೊಂದು ಕಥೆ. ಅಪ್ಪ ಕುಳಿತಿದ್ದಾಗ ತೊಂದರೆ ಇಲ್ಲ. ಖಾಲಿ ತೊಟ್ಟಿಲೊಡನೆ ತಿರುಗಿದರೆ ಮೂರನೆಯ ಗಾಲಿ ನೆಲ ಬಿಟ್ಟು ಮೇಲೇಳುತ್ತಿತ್ತು. 25 ಕಿಲೋ ಮರಳಿನ ಚೀಲವೊಂದು ಅಪ್ಪನ ಬದಲಿಗೆ ಪ್ರಯಾಣ ಮಾಡತೊಡಗಿತು.

500 ಕಿಲೋಮೀಟರಿನ ಮೊದಲ ಸರ್ವಿಸ್ ಮುಗಿಯುವುದರೊಳಗೆ ಸಣ್ಣಪುಟ್ಟ ರೋಗಗಳೂ ಸಾಲುಗಟ್ಟಿದವು. ಕ್ಲಚ್ ಕೇಬಲ್ ಸಡಿಲಾಯಿತು. ತೊಟ್ಟಿಲಿನ ದೀಪದ ತಂತಿ ಕಬ್ಬಿಣದ ಅಂಚಿಗೆ ಉಜ್ಜಿ ತುಂಡಾಯಿತು. ಹಿಂಗಾಲಿಯ ಎರಡು ಕಡ್ಡಿಗಳು ಮುರಿದವು. ಮೋಟಾರ್‌ಸೈಕಲ್ ತಿರುವಿನಲ್ಲಿ ವಾಲುವುದರಿಂದ ಅದರ ಕಡ್ಡಿಗಳ ಮೇಲೆ ಅಡ್ಡ ಒತ್ತಡ ಹೆಚ್ಚಾಗಿ ಬೀಳುವುದಿಲ್ಲ. ವಾಲಲಾರದಂತೆ ಕಟ್ಟಿಹಾಕಿದ ಮೇಲೆ ಪ್ರತಿ ತಿರುವಿನ ಪೆಟ್ಟನ್ನೂ ಕಡ್ಡಿಗಳೇ ತಿನ್ನಬೇಕು. ಎಲ್ಲಕ್ಕಿಂತ ಹೆದರಿಸಿದ್ದು ಕ್ಲ್ಯಾಂಪು. ತೊಟ್ಟಿಲನ್ನು ಗಾಡಿಗೆ ಬಿಗಿಯುವ ನಾಲ್ಕು ಕೂಟಗಳಲ್ಲಿ ಮೇಲಿನದೊಂದು ಮತ್ತೆ ಮತ್ತೆ ಜಾರುತ್ತಿತ್ತು. ನಮ್ಮ ಗಾಡಿಯನ್ನು ಕಂಡೊಡನೆ ಸಿಗ್ನಲ್ಲಿನಲ್ಲಿ ನಿಂತ ಹುಡುಗರು ‘ಶೋಲೆ’ಯ ಹಾಡು ಗುನುಗುತ್ತಿದ್ದರು. 1975ರಲ್ಲಿ ತೆರೆಕಂಡ, ನಮ್ಮ ರಾಮನಗರದ ಬಂಡೆಗಳ ನಡುವೆ ಬಹುಪಾಲು ಚಿತ್ರಿತವಾದ ಆ ಸಿನಿಮಾದಲ್ಲಿ ಗೆಳೆಯರಿಬ್ಬರ ಸೈಡ್‌ಕಾರ್ ಹಾಡಿನ ಮಧ್ಯೆ ಕಳಚಿಕೊಂಡು ಬೇರೆ ದಾರಿ ಹಿಡಿದು, ಮತ್ತೆ ಬಂದು ಕೂಡಿಕೊಳ್ಳುತ್ತದೆ. ಜಾರುವ ಕ್ಲ್ಯಾಂಪಿನ ಪಕ್ಕದಲ್ಲಿ ಮಾತಿಲ್ಲದ ತಂದೆಯನ್ನು ಕೂರಿಸಿಕೊಂಡವಳಿಗೆ ಆ ದೃಶ್ಯ ನಗು ತರಿಸುವುದಿಲ್ಲ.

ತೊಟ್ಟಿಲು ಕಟ್ಟಿದವರಿಗೆ ಫೋನು ಮಾಡಿದೆ. ಹೊಸ ಗಾಡಿ, ಓಡಿದಂತೆ ಹೊಂದಿಕೊಳ್ಳುತ್ತದೆ ಎಂಬ ಉತ್ತರ ಬಂತು. ಎರಡನೆಯ ಸಲವೂ ಅದೇ ಉತ್ತರ. ಮೂರನೆಯ ಸಲ ಫೋನು ಎತ್ತಲಿಲ್ಲ. ಓಣಿಯ ತುದಿಯ ಮೆಕ್ಯಾನಿಕ್ ಮಾತ್ರ ಪ್ರಾಮಾಣಿಕನಾಗಿದ್ದ. ‘ತಾಈ, ನಾನು ಎರಡು ಗಾಲಿಯವನು. ಇದು ನನ್ನ ವಿದ್ಯೆಯಲ್ಲ’ ಎಂದು ಮರಾಠಿಯಲ್ಲಿ ಹೇಳಿದ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳಿಸುತ್ತದೆ. ಆ ಕರೆಗೆ ನಾನು ಇನ್ನೂ ಸ್ವಲ್ಪ ಕರಗುತ್ತೇನೆ.

ಇಷ್ಟರ ನಡುವೆ ಒಂದು ಸಂಗತಿಯನ್ನು ಗಮನಿಸಿದ್ದೆ. ತೊಟ್ಟಿಲಿನಲ್ಲಿ ಅಪ್ಪ ಕಣ್ಣು ಮುಚ್ಚುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗಿಂದ ಗಾಡಿಯನ್ನೇ ನೋಡುತ್ತಿದ್ದರು. ಅವರ ಎಡಗೈ ತಗಡಿನ ಅಂಚಿನ ಮೇಲಿರುತ್ತಿತ್ತು. ಕ್ಲ್ಯಾಂಪು ಜಾರಿದ ದಿನಗಳಲ್ಲಿ, ನನಗೆ ಏನೂ ತಿಳಿಯುವ ಮೊದಲೇ, ಆ ಕೈ ತಗಡನ್ನು ಬಡಿಯುತ್ತಿತ್ತು. ಮೊದಮೊದಲು ಅದು ಹೆದರಿಕೆಯೆಂದು ಬಗೆದು ಗಾಡಿ ನಿಧಾನಿಸುತ್ತಿದ್ದೆ. ಅದು ಹೆದರಿಕೆಯಾಗಿರಲಿಲ್ಲ, ವರದಿಯಾಗಿತ್ತು.

ಒಂದು ಭಾನುವಾರ ಮೆಕ್ಯಾನಿಕ್ ಗಾಡಿಯನ್ನು ನೋಡುತ್ತ ಕುಳಿತಿದ್ದಾಗ ಅಪ್ಪ ಕೋಲೂರಿ ಅಂಗಳಕ್ಕೆ ಬಂದರು. ಸ್ಟೂಲಿನ ಮೇಲೆ ಕುಳಿತು ತೊಟ್ಟಿಲಿನ ಟೈರಿನ ಮೇಲೆ ಎಡ ಅಂಗೈಯನ್ನು ಅಡ್ಡಲಾಗಿ ಸವರಿದರು, ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ. ಬಳಿಕ ನನ್ನ ಕೈ ಹಿಡಿದು ಹಾಗೆಯೇ ಸವರಿಸಿದರು. ಒಂದು ದಿಕ್ಕಿನಲ್ಲಿ ರಬ್ಬರು ನುಣುಪಾಗಿತ್ತು. ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಅಂಗೈಗೆ ತಡೆಯುತ್ತಿತ್ತು. ಗಾಲಿ ನೇರವಾಗಿ ಉರುಳದೆ ಅಡ್ಡಡ್ಡ ಉಜ್ಜಿಕೊಂಡು ಸಾಗುತ್ತಿದೆ ಎಂಬುದಕ್ಕೆ ಅದು ಗುರುತು. ಬಸ್ಸುಗಳ ಮುಂಗಾಲಿಗಳನ್ನು ವರ್ಷಗಟ್ಟಲೆ ಹೀಗೆ ಸವರಿ ನೋಡಿದ ಅಂಗೈ ಅದು.

ಮೆಕ್ಯಾನಿಕ್ ಅಲ್ಯೂಮಿನಿಯಂ ಕೊಳವೆಗಳೆರಡನ್ನು ತಂದು, ಒಂದನ್ನು ಮೋಟಾರ್‌ಸೈಕಲ್ಲಿನ ಗಾಲಿಗಳಿಗೆ, ಇನ್ನೊಂದನ್ನು ತೊಟ್ಟಿಲಿನ ಗಾಲಿಗೆ ತಾಗಿಸಿಟ್ಟ. ಹಿಂದೆ ಮತ್ತು ಮುಂದೆ ಅವುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದ. ಮುಂದಿನ ಅಂತರ ಹಿಂದಿನದಕ್ಕಿಂತ ತುಸು ಕಡಿಮೆ ಇರಬೇಕು, ಅಂದರೆ ತೊಟ್ಟಿಲಿನ ಗಾಲಿ ಮೋಟಾರ್‌ಸೈಕಲ್ಲಿನತ್ತ ಸ್ವಲ್ಪ ಮುಖ ತಿರುಗಿಸಿರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. ನಮ್ಮದರಲ್ಲಿ ಅದು 41 ಮಿಲಿಮೀಟರ್ ಇತ್ತು. ಎಷ್ಟಿರಬೇಕೆಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಹೇಳಲು ಬಾಯಿಲ್ಲ.

ಆಗ ಅಪ್ಪ ಎಣಿಸತೊಡಗಿದರು. ಮಾತು ಕಳೆದುಕೊಂಡವರಲ್ಲಿ ಕೆಲವರಿಗೆ ಬಿಡಿಯಾದ ಪದ ಬಾರದಿದ್ದರೂ, ಬಾಯಿಪಾಠವಾದ ಸರಣಿ ತಾನಾಗಿ ಹೊರಡುತ್ತದೆಂದು ವಾಕ್‌ಚಿಕಿತ್ಸಕಿ ನಮಗೆ ಹೇಳಿದ್ದರು. ಹದಿನೆಂಟು ಎಂದು ಅಪ್ಪ ನೇರವಾಗಿ ಹೇಳಲಾರರು. ಒಂದರಿಂದ ಹೊರಟರೆ ಅಲ್ಲಿಗೆ ತಲುಪಬಲ್ಲರು. ಒಂದು, ಎರಡು, ಮೂರು ಎಂದು ತೊದಲುತ್ತ, ನಡುವೆ ಉಸಿರೆಳೆದುಕೊಳ್ಳುತ್ತ ಹದಿನೆಂಟಕ್ಕೆ ಬಂದು ನಿಂತರು. ಟೇಪಿನ ಮೇಲೆ ಬೆರಳಿಟ್ಟರು. ಕನ್ನಡ ಬಾರದ ಮೆಕ್ಯಾನಿಕ್ ತನ್ನ ಬೆರಳುಗಳಲ್ಲಿ ಲೆಕ್ಕ ಹಿಡಿದಿದ್ದ. ‘ಅಠರಾ?’ ಎಂದ. ಅಪ್ಪ ತಲೆಯಾಡಿಸಿದರು.

ಮಿಕ್ಕ ಕೆಲಸ ಸಂಜೆಯವರೆಗೆ ನಡೆಯಿತು. ಅಪ್ಪನನ್ನು ತೊಟ್ಟಿಲಿನಲ್ಲಿ, ನನ್ನನ್ನು ಸೀಟಿನ ಮೇಲೆ ಕೂರಿಸಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ನೋಡಿದಾಗ ಎಡಕ್ಕೆ ಎಳೆಯುವ ಗುಟ್ಟು ಬಯಲಾಯಿತು. ಮೋಟಾರ್‌ಸೈಕಲ್ಲು ತೊಟ್ಟಿಲಿನ ಕಡೆಗೆ ವಾಲಿತ್ತು. ಅದು ನೆಟ್ಟಗೆ, ಇಲ್ಲವೇ ಕೂದಲೆಳೆಯಷ್ಟು ಆಚೆಗೆ ವಾಲಿರಬೇಕು. ಕಟ್ಟಿದವರು ವಾಲಿಕೆಯನ್ನು ತಿದ್ದುವ ಬದಲು, ಎಳೆತವನ್ನು ಅಡಗಿಸಲೆಂದು ಗಾಲಿಯ ಮುಖವನ್ನೇ ಅತಿಯಾಗಿ ತಿರುಗಿಸಿದ್ದರು. ಎಳೆತ ಉಳಿಯಿತು, ಟೈರು ಸವೆಯಿತು. ಮೇಲಿನ ಕೂಟದ ಉದ್ದ ಹೊಂದಿಸಿ, ಜಾರುವ ಕ್ಲ್ಯಾಂಪಿನ ಬದಲು ಹೊಸದನ್ನು ಮಾಡಿಸಿ ಹಾಕಿದ ಮೇಲೆ ಗಾಡಿ ನೇರ ಓಡಿತು. ಬ್ರೇಕಿನಲ್ಲಿ ಬಲಕ್ಕೆ ಹೊರಳುವುದು ಈಗಲೂ ಉಂಟು, ಅದು ಅದರ ಧರ್ಮ. ಮರಳಿನ ಚೀಲವೂ ಉಂಟು.

ಈ ಬಳಗದಲ್ಲಿ ಬರೆಯುವ ನಾವೆಲ್ಲ ಪದಗಳನ್ನು ನಂಬಿದವರು. ಮನುಷ್ಯನ ಮಾತು ಹೋದರೆ ಅವನ ತಿಳಿವಳಿಕೆಯೂ ಹೋಯಿತೆಂದು ಸುತ್ತಲಿನವರು ಎಷ್ಟು ಬೇಗ ತೀರ್ಮಾನಿಸುತ್ತಾರೆ ಎಂಬುದನ್ನು ಎರಡು ವರ್ಷ ಕಂಡಿದ್ದೇನೆ. ಬಂದವರು ಅಪ್ಪನ ಎದುರಿಗೇ ಅಪ್ಪನ ವಿಷಯವನ್ನು ನನ್ನನ್ನು ಕೇಳುತ್ತಾರೆ, ಮಗುವಿಗೆ ಹೇಳುವಂತೆ ಅವರಿಗೆ ಗಟ್ಟಿಯಾಗಿ ಹೇಳುತ್ತಾರೆ. ಆ ಭಾನುವಾರದಿಂದೀಚೆಗೆ ಮೆಕ್ಯಾನಿಕ್ ನನ್ನನ್ನು ಏನೂ ಕೇಳುವುದಿಲ್ಲ. ‘ಕಾಕಾ ಎಲ್ಲಿ?’ ಎನ್ನುತ್ತಾನೆ. ಬೇರೆಯವರ ಸ್ಕೂಟರುಗಳನ್ನೂ ಎರಡು ಸಲ ಅಪ್ಪನ ಮುಂದೆ ತಂದು ನಿಲ್ಲಿಸಿದ್ದಾನೆ. ಮಾತು ಪೂರ್ತಿ ಮರಳುವ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ. ನಾವೂ ಒತ್ತಾಯಿಸಿ ಕೇಳುವುದನ್ನು ಬಿಟ್ಟಿದ್ದೇವೆ.

ಈಗ ವಾರಕ್ಕೊಮ್ಮೆ ಬೋಲ್ಟುಗಳ ಬಿಗಿ ನೋಡುತ್ತೇನೆ. ಅಪ್ಪ ಸ್ಪ್ಯಾನರಿನ ತುದಿಯಿಂದ ಹಿಂಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತಾರೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಕಳೆದ ತಿಂಗಳು ಅಂತಹ ಒಂದು ಕಡ್ಡಿಯ ಬಳಿ ಕೈ ನಿಲ್ಲಿಸಿ, ಯಾವ ಸರಣಿಯ ಆಸರೆಯೂ ಇಲ್ಲದೆ, ‘ಸಡ್ಲ’ ಎಂದರು. ವಾಕ್‌ಚಿಕಿತ್ಸಕಿ ಅದನ್ನು ತಮ್ಮ ವಹಿಯಲ್ಲಿ ತಾರೀಖಿನೊಡನೆ ಬರೆದುಕೊಂಡಿದ್ದಾರೆ. ಅಂದಿನಿಂದ ಅವ್ವನ ಬಳೆ ಸಡ್ಲ, ಬಾಗಿಲ ಚಿಲಕ ಸಡ್ಲ. ಚಹಾ ತೆಳ್ಳಗಾದರೆ ಅದೂ ಸಡ್ಲ. ಅವ್ವ ಗೊಣಗುತ್ತ ಇನ್ನೊಂದು ಚಮಚ ಪುಡಿ ಹಾಕಿ ಕುದಿಸುತ್ತಾಳೆ.