ಪಾತ್ರಪರಿಚಯ ಬರೆಯಹೋಗಿ

ನಮ್ಮ ಸಂಘದ ಕಾರ್ಯದರ್ಶಿಗಳು ಬಹಳ ಸಜ್ಜನರು. ಅವರಲ್ಲಿ ದೋಷವೆಂದರೆ ಒಂದೇ: ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದವನಿಗೆ ಸಾಹಿತ್ಯವೆಲ್ಲ ಕರತಲಾಮಲಕವೆಂದು ಅವರು ನಂಬಿದ್ದಾರೆ. ಹೀಗಾಗಿ ಕಳೆದ ಮಳೆಗಾಲದಲ್ಲಿ ನಮ್ಮನ್ನು ಹಿಡಿದು, ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯ ಮೇಲೆ ಇಪ್ಪತ್ತು ನಿಮಿಷ ಮಾತಾಡಬೇಕೆಂದು ಅಪ್ಪಣೆ ಕೊಡಿಸಿದರು. ಪಾತ್ರ, ವಸ್ತು, ವಾತಾವರಣ, ಮೂರನ್ನೂ ಮುಟ್ಟಬೇಕಂತೆ. 'ಆಗಲಿ' ಎಂದೆವು. ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತಗಿರಿ ಮಾಡಿದವರ ಬಾಯಲ್ಲಿ 'ಆಗುವುದಿಲ್ಲ' ಎಂಬ ಮಾತು ಕೌಂಟರಿನ ಹೊರಗೆ ನಿಂತವರಿಗೆ ಮಾತ್ರ ಬರುತ್ತದೆ.

ಡೊಂಬಿವಲಿಯಿಂದ ಕಚೇರಿಗೆ ಹೋಗಿಬರುವ ಲೋಕಲ್ಲಿನಲ್ಲಿ ಓದು ಸಾಗಿತು. ಬೆಳಗ್ಗೆ ನಿಂತು ಓದಿದ್ದು ಪಾತ್ರಗಳಿಗೆ, ಸಂಜೆ ಅದೃಷ್ಟವಿದ್ದರೆ ಕುಳಿತು ಓದಿದ್ದು ವಾತಾವರಣಕ್ಕೆ ಎಂದು ವಿಭಾಗ ಮಾಡಿಕೊಂಡಿದ್ದೆವು. ಒಂದು ಹಾಳೆಗೆ ಗೆರೆ ಎಳೆದು, ಕಡತದ ಪದ್ಧತಿಯಂತೆ ಹೆಸರು, ಸಂಬಂಧ, ಗುಣ, ಷರಾ ಎಂದು ನಾಲ್ಕು ಅಂಕಣ ಮಾಡಿದೆವು. ರಾಮ ಐತಾಳರು: ಪೌರೋಹಿತ್ಯ, ಜಿಪುಣತನ, ಹಟ. ಪಾರೋತಿ: ಐತಾಳರ ಪತ್ನಿ, ಸಂತಾನವಿಲ್ಲ, ಸಹನಾಮೂರ್ತಿ. ಸರಸೋತಿ: ಐತಾಳರ ತಂಗಿ, ವಿಧವೆ, ತ್ಯಾಗಮೂರ್ತಿ. ಮಗ ಲಚ್ಚ: ದುಷ್ಟ. ಸೊಸೆ ನಾಗವೇಣಿ: ದುಃಖಿ. ಮೊಮ್ಮಗ ರಾಮ: ಓದಿದವನು, ಚಳವಳಿಗೆ ಹೋದವನು, ನಮ್ಮ ಮುಂಬಯಿಗೂ ಬಂದು ಅಲೆದವನು, ಕೊನೆಗೆ ಕೋಡಿಗೆ ಮರಳಿದವನು. 'ವಸ್ತು' ಎಂಬಲ್ಲಿ, ಮಣ್ಣಿಗೆ ಮರಳುವುದರಲ್ಲೇ ಬಾಳಿನ ಸಾರ್ಥಕ್ಯ ಎಂದು ಬರೆದೆವು. ಭಾಷಣ ಮುಗಿದಂತೆಯೇ ಎನ್ನಿಸಿತು.

ಅದೇ ವಾರ ಊರಿನಿಂದ ಅಣ್ಣ ಕಳಿಸಿದ ಲಕೋಟೆ ಬಂತು. ನಮ್ಮೂರೂ ಕುಂದಾಪುರದ ಕಡೆಯದೇ; ಕಾರಂತರು 1902ರಲ್ಲಿ ಹುಟ್ಟಿದ ಕೋಟಕ್ಕೂ ನಮ್ಮ ಮನೆಗೂ ಹೆಚ್ಚು ದೂರವಿಲ್ಲ. ಮನೆಯನ್ನೂ ಅದರ ಮುಂದಿನ ಗದ್ದೆಯನ್ನೂ ಕೊಡುವುದೆಂದು ಮಾತು ನಡೆದಿತ್ತು. ಅಣ್ಣನಿಗೆ ಮುಕ್ತ್ಯಾರು ಕೊಡುವ ಪತ್ರಕ್ಕೆ ನಾವೂ ಅಮ್ಮನೂ ಸಹಿ ಹಾಕಿ, ನೋಟರಿಯ ಮುದ್ರೆ ಒತ್ತಿಸಿ ಕಳಿಸಬೇಕಾಗಿತ್ತು. ಸಾರ್ಥಕ್ಯವೆಂದು ಬರೆದ ಹಾಳೆಯನ್ನೂ ಮಣ್ಣು ಮಾರುವ ಪತ್ರವನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆವು. ಪುಸ್ತಕದಲ್ಲಿ ಗುರುತಿಗೆ ಇಡಲು ಬೇರೇನೂ ಸಿಗದೆ ಆ ಪತ್ರವನ್ನೇ ಇಟ್ಟಿದ್ದೆವು.

ಅಮ್ಮ ನಮ್ಮೊಡನೆಯೇ ಇದ್ದಾರೆ. ಕಣ್ಣಿನ ಪೊರೆಯಿಂದಾಗಿ ಓದಲು ಕಷ್ಟ. ಒಂದು ರಾತ್ರಿ, ಬೀನ್ಸು ಮುರಿಯುತ್ತ ಕುಳಿತಿದ್ದವರು, 'ಅದೆಂತ ಬರ್ದಿದ್ದೆ, ಓದ್ ಕಾಂಬ' ಎಂದರು. ಓದಿದೆವು. ಸರಸೋತಿ ತ್ಯಾಗಮೂರ್ತಿ ಎಂಬಲ್ಲಿಗೆ ಬರುತ್ತಲೂ ಬೀನ್ಸು ನಿಂತಿತು.

'ತ್ಯಾಗ ಎಂತದಾ ಮಾಣಿ? ಬಿಟ್ಟ್ ಹ್ವಾಪುಕೆ ಅವಳಿಗೆ ಬೇರೆ ಜಾಗ ಎಲ್ಲಿದ್ದಿತ್? ಸಿಟ್ಟ್ ಬತ್ತಿಲ್ಯಾ ಅವಳಿಗೆ? ಅದನ್ನ್ ಬರೀಲಿಲ್ಯಾ ನೀನ್?'

ಬರೆದಿರಲಿಲ್ಲ. ಅಷ್ಟೇ ಅಲ್ಲ, ಓದುವಾಗ ಕಂಡಿರಲೂ ಇಲ್ಲ. ಮತ್ತೆ ಪುಟ ತಿರುವಿ, ಈ ಬಾರಿ ಗಟ್ಟಿಯಾಗಿ ಓದುತ್ತ ಹೋದೆವು. ಮಳೆಗಾಲದ ನೆರೆಗೆ ತೇಲಿಬಂದ ಕಟ್ಟಿಗೆಯನ್ನು ಆ ಹೆಂಗಸರು ನೀರಿಗಿಳಿದು ಹಿಡಿಯುವ ಭಾಗ ಬಂತು. ಅಲ್ಲಿ ಲೇಖಕರು ಯಾರನ್ನೂ ಹೊಗಳುವುದಿಲ್ಲ. ಅತ್ತಿಗೆ ನಾದಿನಿಯರ ಪ್ರೀತಿ ಎಂಥದೆಂದು ಹೇಳಲು ನಿಲ್ಲುವುದೂ ಇಲ್ಲ. ನೀರು, ಗಾಳಿ, ಕಟ್ಟಿಗೆ, ಎಳೆಯುವ ಕೈಗಳು, ಅಷ್ಟೇ. ನಮ್ಮ ಪಟ್ಟಿಯ 'ಗುಣ' ಎಂಬ ಅಂಕಣದಲ್ಲಿ ತುಂಬಲು ಇಲ್ಲಿ ಒಂದು ಪದವೂ ಸಿಗದು. ಆದರೂ ಇಬ್ಬರೂ ಎಂಥವರೆಂಬುದು ಗೊತ್ತಾಗಿಬಿಡುತ್ತದೆ. ಮುಂದೆ, ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಕಟ್ಟಿಕೊಂಡು ಬಂದಾಗ ಪಾರೋತಿಯ ಮೌನಕ್ಕೂ ಸರಸೋತಿಯ ಮೌನಕ್ಕೂ ಇರುವ ಅಂತರ ಅಮ್ಮನಿಗೆ ಒಂದೇ ಓದಿಗೆ ಹಿಡಿಯಿತು. ಸವತಿಯ ಮಗ ಲಚ್ಚನನ್ನು ಎತ್ತಿ ಆಡಿಸಿದವಳು ಆ ಪಾರೋತಿಯೇ. ಇವಳನ್ನು 'ಸಹನಾಮೂರ್ತಿ' ಎಂದು ಒಂದೇ ಪದದಲ್ಲಿ ಮುಗಿಸಿದ್ದಕ್ಕೆ ನಮಗೆ ನಾಚಿಕೆಯಾಯಿತು.

ಓದು ಅಲ್ಲಿಗೆ ನಿಂತು ಮಾತು ನಮ್ಮ ಅತ್ತೆಯ ಕಡೆಗೆ ಹೊರಳಿತು. ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಇಪ್ಪತ್ತರೊಳಗೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವರು, ನಾವು ಕಾಲೇಜಿನಲ್ಲಿದ್ದಾಗ ತೀರಿಕೊಂಡರು. ನಮ್ಮ ನೆನಪಿನಲ್ಲಿ ಅವರು ಸಿಡುಕಿನ ಮುದುಕಿ. ಹುಳಿ ಮಾವಿನಕಾಯಿ ಕದ್ದದ್ದಕ್ಕೆ ಅಟ್ಟಿಸಿಕೊಂಡು ಬಂದವರು, ಅಮ್ಮನೊಡನೆ ಮೂರು ಮೂರು ದಿನ ಮಾತು ಬಿಡುತ್ತಿದ್ದವರು. ಮಾತು ಬಿಟ್ಟ ದಿನಗಳಲ್ಲೂ ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ಕುಳಿತು ಒಂದೇ ಮಡಲನ್ನು ನೇಯುತ್ತಿದ್ದರೆಂಬುದನ್ನು ಅಮ್ಮ ಆ ರಾತ್ರಿ ಹೇಳಿದರು. ನಾವು ಹುಟ್ಟಿದಾಗ ಬಾಣಂತನ ಮಾಡಿದ್ದೂ ಅವರೇ. 'ನಿನ್ನ್ ಅಪ್ಪಯ್ಯನಿಗಿಂತ ಅತ್ತಿಗೆ ಹತ್ರವೇ ನಾನ್ ಹೆಚ್ಚ್ ಸಂಸಾರ ಮಾಡಿದ್ದ್' ಎಂದು ಅಮ್ಮ ನಕ್ಕರು. ನಮ್ಮ ಮನೆಯಾಕೆಯೂ ಕೆಲಸ ಬಿಟ್ಟು ಬಂದು ಕುಳಿತಳು. ಮೂವತ್ತಾರು ವರ್ಷ ಒಂದು ಪಾತ್ರವನ್ನು ತಪ್ಪಾಗಿ ಓದಿಕೊಂಡು ಬಂದಿದ್ದೆವಲ್ಲ ಎಂದು ನಾವು ಬೀನ್ಸನ್ನು ನೋಡುತ್ತ ಕುಳಿತೆವು.

ಅಮ್ಮ ಗುರುತಿಗಿಟ್ಟ ಪತ್ರವನ್ನು ಮುಟ್ಟಿ, 'ಇದ್ರಲ್ಲಿ ಅತ್ತಿಗೆ ಹೆಸ್ರಿತ್ತಾ?' ಎಂದು ಕೇಳಿದರು. ಗುಮಾಸ್ತರ ಕಣ್ಣಿನಿಂದ ಮೊದಲಿಂದ ಕೊನೆಯವರೆಗೆ ನೋಡಿದೆವು. ಜೊತೆಗೆ ವಂಶವೃಕ್ಷವೂ ಇತ್ತು. ಭೈರಪ್ಪನವರದಲ್ಲ, ಕಂದಾಯದವರು ಕೊಡುವ ವಂಶವೃಕ್ಷ. ಖಾತೆ ತಂದೆಯ ಹೆಸರಿನಲ್ಲಿದ್ದುದರಿಂದ ಮರ ಅವರಿಂದಲೇ ಚಿಗುರಿತ್ತು. ಅಮ್ಮ, ಅಣ್ಣ, ನಾವು, ತಂಗಿ. ಆ ಗದ್ದೆಯಲ್ಲಿ ನಲವತ್ತು ವರ್ಷ ನಟ್ಟಿ ನೆಟ್ಟವರು ಎಲ್ಲಿಯೂ ಇಲ್ಲ. ನಿಯಮದ ಪ್ರಕಾರ ಪತ್ರದಲ್ಲಿ ತಪ್ಪೇನೂ ಇರಲಿಲ್ಲ.

'ಇಲ್ಲ' ಎಂದೆವು.

'ಇರೂದಿಲ್ಲ' ಎಂದರು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, 'ಸಹಿ ಹಾಕು. ಅಲ್ಲಿ ಹೋಯಿ ಕೂಕಂಬವ್ರ್ ಯಾರಿದ್ರ್? ಮಾಡು ಬಿದ್ದ್ ಹೋತ್' ಎಂದರು.

ಇನ್ನು ನಮ್ಮ 'ವಸ್ತು' ನಿಲ್ಲಲಿಲ್ಲ. ಮಣ್ಣಿಗೆ ಮರಳುವುದು ಸಾರ್ಥಕ್ಯವಾದರೆ, ಆ ಮಣ್ಣಿನಲ್ಲೇ ಇದ್ದು ಸವೆದುಹೋದ ಪಾರೋತಿ ಸರಸೋತಿಯರಿಗೆ ಸಿಕ್ಕಿದ್ದೇನು? ಅವರು ಮರಳುವುದೆಲ್ಲಿಗೆ? ಹೋಗಿಯೇ ಇರಲಿಲ್ಲವಲ್ಲ. ರಾಮನಾದರೂ ಗೆದ್ದು ಬಂದವನಲ್ಲ. ಪಟ್ಟಣದಲ್ಲಿ ನೆಲೆ ಕಾಣದೆ ಬಂದವನು. ಕಾರಂತರು ಮಣ್ಣನ್ನು ಕೊಂಡಾಡಲು ಕುಳಿತವರಲ್ಲ. ಕೋಡಿಯ ನೆಲ ಮರಳಿನದು, ಒಂದು ಕಡೆ ಕಡಲು, ಒಂದು ಕಡೆ ಹೊಳೆ. ದುಡಿತ ಕೇಳುವಷ್ಟು ಅನ್ನ ಕೊಡದ ನೆಲ. ಶೀರ್ಷಿಕೆಯ 'ಮರಳಿ' ಎಂಬಲ್ಲಿ ನಮ್ಮ ಕಿವಿಗೆ ಆಮೇಲಾಮೇಲೆ ಮರಳೂ ಕೇಳತೊಡಗಿತು. ಇದು ಲೇಖಕರ ಉದ್ದೇಶವೋ ಲೋಕಲ್ಲಿನ ನಿದ್ದೆಗಣ್ಣೋ ಹೇಳಲಾರೆವು.

ವಾತಾವರಣದ ವಿಚಾರದಲ್ಲಿ ಮಾತ್ರ ಅಮ್ಮನ ನೆರವಿಲ್ಲದೆ ಒಂದು ಕಂಡಿತು. ಕಾದಂಬರಿಯ ಉದ್ದಕ್ಕೂ ಕಡಲಿದೆ, ಆದರೆ ಅದನ್ನು ನೋಡುತ್ತ ನಿಲ್ಲಲು ಮನೆಯ ಹೆಂಗಸರಿಗೆ ಪುರಸೊತ್ತಿಲ್ಲ. ಕಡಲನ್ನು ಕಡಲೆಂದು ನಿಂತು ನೋಡಿ, ಅದರಲ್ಲಿ ಸಂಗೀತ ಕೇಳುವುದು ಮೂರನೆಯ ತಲೆಮಾರಿನ ರಾಮನಿಗೆ. ಆ ಬಿಡುವಿಗೆ ಎರಡು ತಲೆಮಾರಿನ ಬೆನ್ನು ಬಾಗಿದೆ.

ಭಾನುವಾರ ಸಂಘದಲ್ಲಿ ಪಟ್ಟಿಯ ಹಾಳೆಯನ್ನು ಜೇಬಿನಲ್ಲೇ ಬಿಟ್ಟು ಮಾತಾಡಿದೆವು. ಕಟ್ಟಿಗೆಯಿಂದ ಹೊರಟ ಮಾತು ಹೆಂಗಸರಿಬ್ಬರನ್ನು ಬಿಟ್ಟು ಕದಲಲಿಲ್ಲ. ಲಚ್ಚನ ಹೆಸರು ಒಮ್ಮೆ ಬಂತು. ರಾಮ ಮುಂಬಯಿ ತಲುಪುವಷ್ಟರಲ್ಲಿ ಕಾರ್ಯದರ್ಶಿಗಳು ಗಂಟೆ ಬಾರಿಸಿದರು. ಹಿಂದಿನ ಸಾಲಿನ ಹಿರಿಯರೊಬ್ಬರು, 'ಎಲ್ಲ ಸರಿ, ಕಾದಂಬರಿಯ ಸಂದೇಶವೇನು?' ಎಂದು ಕೇಳಿದರು. ನಾವು ತಡವರಿಸಿದೆವು, ಅಷ್ಟರಲ್ಲಿ ಉಪ್ಪಿಟ್ಟು ಬಂದು ನಮ್ಮ ಮಾನ ಉಳಿಸಿತು.

ಸೋಮವಾರ ನೋಟರಿಯ ಮುಂದೆ ಅಮ್ಮನೂ ನಾವೂ ಸಹಿ ಹಾಕಿದೆವು. ಲಕೋಟೆಯೊಳಗೆ ಅಣ್ಣನಿಗೆ ಒಂದು ಚೀಟಿಯನ್ನೂ ಇಟ್ಟೆವು: ಮನೆ ಬಿಟ್ಟುಕೊಡುವ ಮೊದಲು ಅಟ್ಟದ ಮೇಲೆ ಹುಡುಕಿ, ಅತ್ತೆ ಕೂತು ಕಾಯಿ ಹೆರೆಯುತ್ತಿದ್ದ ಹೆರೆಮಣೆಯನ್ನು ತೆಗೆದಿಡಬೇಕೆಂದು. ಎಂಟು ದಿನದ ಮೇಲೆ ವಾಟ್ಸಾಪಿನಲ್ಲಿ ಅಣ್ಣನ ಉತ್ತರ ಬಂತು. ಪತ್ರ ತಲುಪಿದೆ, ಅಟ್ಟದಲ್ಲಿ ಎರಡು ಹೆರೆಮಣೆ ಇವೆ, ಅತ್ತೆಯದು ಯಾವುದೆಂದು ಅಮ್ಮನನ್ನು ಕೇಳಿ ತಿಳಿಸು.